ಪ್ರಜೆ ಯಾರು, ನಾಗರಿಕ ಯಾರು? ಮಹಮೂದ್ ಮಮ್ದಾನಿಯವರನ್ನು ನಾವು ಯಾಕೆ ಓದಬೇಕು

ಕಳೆದ ನವೆಂಬರ್‌ನಲ್ಲಿ ನ್ಯೂಯಾರ್ಕ್ ಮೇಯರ್ ಚುನಾವಣೆಯ ಫಲಿತಾಂಶ ಬಂದ ರಾತ್ರಿ ನಮ್ಮ ಸಂಘದ ವಾಟ್ಸಾಪ್ ಗುಂಪು ಎರಡು ಪಾಳಿಯಾಯಿತು. "ನಮ್ಮ ಹುಡುಗ ಗೆದ್ದ" ಅಂತ ಒಂದು ಪಾಳಿ. "ಅವನು ಎಲ್ಲಿಂದ ನಮ್ಮವನಾದ? ಹುಟ್ಟಿದ್ದು ಉಗಾಂಡದಲ್ಲಿ" ಅಂತ ಇನ್ನೊಂದು. ಅಮ್ಮ ಮೀರಾ ನಾಯರ್ ಅಲ್ವಾ, ಹಾಗಾದ್ರೆ ನಮ್ಮವನೇ ಅಂತ ಮೂರನೆಯ ದನಿ. ಬೆಳಗಿನ ಜಾವದ ತನಕ ನಡೆದ ಈ ಜಗಳದಲ್ಲಿ ಜೋಹ್ರಾನ್ ಮಮ್ದಾನಿಯವರ ಅಪ್ಪನ ಹೆಸರು ಬಂದದ್ದು ಒಂದೇ ಒಂದು ಸಲ, ಅದೂ "ಫಾದರ್ ಕೊಲಂಬಿಯಾದಲ್ಲಿ ಪ್ರೊಫೆಸರ್ ಅಂತೆ" ಅನ್ನುವಷ್ಟಕ್ಕೆ.

ತಮಾಷೆ ಏನು ಅಂದ್ರೆ, ಗುಂಪಿನಲ್ಲಿ ಕಿತ್ತಾಡುತ್ತಿದ್ದ ಪ್ರಶ್ನೆ ಆ ಪ್ರೊಫೆಸರರ ಪ್ರಶ್ನೆಯೇ. ಯಾರು ನಮ್ಮವರು, ಯಾರು ಹೊರಗಿನವರು, ಇದನ್ನು ತೀರ್ಮಾನ ಮಾಡಿದವರು ಯಾರು, ಯಾವಾಗ, ಯಾವ ಕಚೇರಿಯಲ್ಲಿ ಕೂತು? ಮಹಮೂದ್ ಮಮ್ದಾನಿ ಇದನ್ನು ಐವತ್ತು ವರ್ಷಕ್ಕೂ ಮೇಲ್ಪಟ್ಟು ಕೇಳುತ್ತಾ ಬಂದಿದ್ದಾರೆ. ಮಗನ ರಾಜಕೀಯದ ಬಗ್ಗೆ ನಮ್ಮೊಳಗೇ ನೂರು ಅಭಿಪ್ರಾಯ ಇವೆ, ಇರಲಿ. ಈ ಬರಹ ಅಪ್ಪನ ಬಗ್ಗೆ. ವೀಸಾ ಹಿಡಿದು ಪರದೇಶದಲ್ಲಿ ಕೂತು ಕನ್ನಡ ಸಂಘ ಕಟ್ಟಿಕೊಂಡಿರುವ ನಮ್ಮಂಥವರು ಓದಲೇಬೇಕಾದ ಚಿಂತಕರ ಪಟ್ಟಿಯಲ್ಲಿ ಅವರು ತೀರಾ ಮೇಲಿದ್ದಾರೆ ಅನ್ನುವುದು ನಮ್ಮ ವಾದ.

ಮೊದಲು ಬದುಕಿನ ದಾರಿ ನೋಡಿ. 1946ರಲ್ಲಿ ಮುಂಬೈಯಲ್ಲಿ ಹುಟ್ಟಿ, ಪೂರ್ವ ಆಫ್ರಿಕದ ಗುಜರಾತಿ ಮುಸ್ಲಿಂ ಕುಟುಂಬದಲ್ಲಿ ಕಂಪಾಲಾದಲ್ಲಿ ಬೆಳೆದವರು. ಉಗಾಂಡ ಸ್ವತಂತ್ರವಾದದ್ದು 1962ರ ಅಕ್ಟೋಬರ್ 9ರಂದು. ಮಾರನೇ ವರ್ಷವೇ ಹೊಸ ದೇಶದ ಹುಡುಗರಿಗೆಂದು ಅಮೆರಿಕ ಕೊಟ್ಟ ಸ್ಕಾಲರ್‌ಶಿಪ್‌ನಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಬಂದರು. 1965ರಲ್ಲಿ ಸಹಪಾಠಿಗಳ ಜೊತೆ ಬಸ್ ಹತ್ತಿ ಅಲಬಾಮಾದ ಮಾಂಟ್ಗೊಮರಿಗೆ ಹೋಗಿ, ಕಪ್ಪುಜನರ ಹಕ್ಕಿನ ಮೆರವಣಿಗೆಯಲ್ಲಿ ಬಂಧನಕ್ಕೊಳಗಾದರು. ಜೈಲಿನಿಂದ ಫೋನ್ ಮಾಡಿದ್ದು ತಮ್ಮ ದೇಶದ ರಾಯಭಾರಿಗೆ. ಇನ್ನೊಂದು ದೇಶದ ಆಂತರಿಕ ವಿಚಾರದಲ್ಲಿ ನೀನು ಯಾಕಪ್ಪಾ ಕೈಹಾಕಿದೆ ಎಂದು ಆತ ಕೇಳಿದರಂತೆ. ಇದು ಆಂತರಿಕ ವಿಚಾರ ಅಲ್ಲ, ಮೊನ್ನೆ ಮೊನ್ನೆ ನಾವು ನಡೆಸಿದ ಸ್ವಾತಂತ್ರ್ಯ ಹೋರಾಟವೇ ಇದು, ಅಷ್ಟು ಬೇಗ ಮರೆತಿರಾ ಅಂತ ಈ ಹುಡುಗನ ಉತ್ತರ. ಆಮೇಲೆ ಎಫ್‌ಬಿಐನವರು ಮನೆಗೆ ಬಂದು ಮಾರ್ಕ್ಸ್ ಬಗ್ಗೆ ವಿಚಾರಿಸಿದರು. ಆ ಮಾರ್ಕ್ಸ್ ಯಾರು ಅಂತ ತಮಗೆ ಆಗ ಗೊತ್ತೇ ಇರಲಿಲ್ಲ, ಅವರು ಹೇಳಿದ ಮೇಲೆ ಲೈಬ್ರರಿಗೆ ಹೋಗಿ ಹುಡುಕಿದೆ ಎಂದು ಮಮ್ದಾನಿ ಸಂದರ್ಶನಗಳಲ್ಲಿ ನಗುತ್ತಾ ಹೇಳಿಕೊಂಡಿದ್ದಾರೆ. ಪುಸ್ತಕ ಓದಿಸಲು ಎಫ್‌ಬಿಐಗಿಂತ ಒಳ್ಳೆಯ ಮೇಷ್ಟ್ರು ಬೇಕೆ!

ಈ ಕಥೆ ಇವತ್ತು ಓದಿದರೆ ಎದೆ ಸ್ವಲ್ಪ ಝಲ್ಲೆನ್ನುತ್ತದೆ. 2025ರ ವಸಂತದಲ್ಲಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ಸೆವಿಸ್ ದಾಖಲೆಗಳು ಇದ್ದಕ್ಕಿದ್ದ ಹಾಗೆ ರದ್ದಾದಾಗ ನಮ್ಮ ಮನೆಗಳಿಂದ ಬಂದ ಫೋನ್‌ಗಳೆಲ್ಲ ಒಂದೇ ಮಾತು ಹೇಳಿದವು: "ಓದೋಕೆ ಹೋಗಿದ್ದೀಯ, ಓದ್ಕೊಂಡು ಬಾ, ಮಿಕ್ಕಿದ್ದು ನಮಗ್ಯಾಕೆ?" ಅಪ್ಪ ಅಮ್ಮಂದಿರ ಭಯಕ್ಕೆ ಕಾರಣ ಇದೆ, ಅದನ್ನು ಹಗುರ ಮಾಡುವುದಿಲ್ಲ. ಎಲ್ಲರೂ ಬೀದಿಗಿಳಿಯಿರಿ ಅನ್ನಲೂ ಹೊರಟಿಲ್ಲ. ಆದರೆ ರಾಯಭಾರಿ ಕೇಳಿದ ಪ್ರಶ್ನೆ ಮತ್ತು ನಮ್ಮ ಮನೆಯವರು ಕೇಳುವ ಪ್ರಶ್ನೆ ಎರಡೂ ಒಂದೇ ಎಂಬುದನ್ನು ಗಮನಿಸಬೇಕು. ಪರದೇಶದ ವಿದ್ಯಾರ್ಥಿ ಅಂದರೆ ಬರೀ ಅತಿಥಿಯೋ, ಅಥವಾ ಅವನಿಗೂ ಒಂದು ರಾಜಕೀಯ ಬದುಕು ಇದೆಯೋ?

ಮುಂದೆ ಫ್ಲೆಚರ್ ಸ್ಕೂಲ್, ಆಮೇಲೆ ಹಾರ್ವರ್ಡ್. ಪಿಎಚ್‌ಡಿಯ ಕ್ಷೇತ್ರಕಾರ್ಯಕ್ಕೆಂದು 1972ರಲ್ಲಿ ಕಂಪಾಲಾಕ್ಕೆ ಮರಳಿ ಮೆಕೆರೆರೆ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದಾಗಲೇ ಆಗಸ್ಟ್‌ನಲ್ಲಿ ಇದಿ ಅಮೀನ್ ಘೋಷಣೆ ಮಾಡಿದ: ಏಷ್ಯನ್ನರು ತೊಂಬತ್ತು ದಿನಗಳಲ್ಲಿ ದೇಶ ಬಿಡಬೇಕು. ನವೆಂಬರ್‌ನಲ್ಲಿ ಮಮ್ದಾನಿ ಲಂಡನ್ನಿನ ನಿರಾಶ್ರಿತರ ಶಿಬಿರದಲ್ಲಿದ್ದರು. ಆ ಅನುಭವದಿಂದ ಬಂದ ಪುಟ್ಟ ಪುಸ್ತಕ 1973ರ 'ಫ್ರಮ್ ಸಿಟಿಜನ್ ಟು ರೆಫ್ಯೂಜಿ'. ಒಕ್ಕಲೆಬ್ಬಿಸಿದ ಮೇಲೆ ಮನುಷ್ಯ ಬರೆಯುವ ಮೊದಲ ಪುಸ್ತಕದಲ್ಲಿ ಸಾಮಾನ್ಯವಾಗಿ ಏನಿರುತ್ತದೆ? ಕಳೆದುಕೊಂಡ ಮನೆ, ಅಂಗಡಿ, ಕಣ್ಣೀರು, ಒಬ್ಬ ರಾಕ್ಷಸ. ಅಮೀನ್ ಕ್ರೂರಿ ಅನ್ನುವುದರಲ್ಲಿ ಮಮ್ದಾನಿಗೂ ಸಂಶಯವಿಲ್ಲ. ಆದರೆ ಅವರು ಅಲ್ಲಿಗೆ ನಿಲ್ಲಲಿಲ್ಲ. ಬೀದಿಯ ಜನ ಈ ಉಚ್ಚಾಟನೆಗೆ ಯಾಕೆ ಚಪ್ಪಾಳೆ ತಟ್ಟಿದರು ಎಂದು ಕೇಳಿದರು. ಭಾರತೀಯರು ಅಲ್ಲಿಗೆ ಹೋದದ್ದು ಹೇಗೆ, ವ್ಯಾಪಾರವೆಲ್ಲ ಅವರ ಕೈಗೆ ಬಂದದ್ದು ಹೇಗೆ, ಬ್ರಿಟಿಷರು ಆಫ್ರಿಕದವರನ್ನು ಹೊಲಕ್ಕೂ ಏಷ್ಯನ್ನರನ್ನು ಅಂಗಡಿಗೂ ತಮ್ಮನ್ನು ಆಡಳಿತದ ಕುರ್ಚಿಗೂ ಹಂಚಿಕೊಂಡದ್ದು ಹೇಗೆ ಎಂಬ ಲೆಕ್ಕ ತೆಗೆದರು. 1896ರಿಂದ 1901ರವರೆಗೆ ಉಗಾಂಡ ರೈಲ್ವೆಗೆಂದು ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳನ್ನು ಭಾರತದಿಂದ ಸಾಗಿಸಿದ್ದರು, ಎರಡು ಸಾವಿರಕ್ಕೂ ಹೆಚ್ಚು ಜನ ಆ ಹಳಿಗಳ ಮೇಲೆ ಸತ್ತರು. ಅಂಗಡಿ ಇಟ್ಟ ಹೆಚ್ಚಿನವರು ಆ ಕೂಲಿಗಳ ಮಕ್ಕಳಲ್ಲ, ಸ್ವಂತ ಖರ್ಚಿನಲ್ಲಿ ಹಿಂದೆ ಬಂದ ವ್ಯಾಪಾರಿಗಳು. ಈ ವ್ಯತ್ಯಾಸ ನಮ್ಮ 'ಪರದೇಶದಲ್ಲಿ ಭಾರತೀಯರ ಸಾಹಸಗಾಥೆ'ಗಳಲ್ಲಿ ಕಲಸಿಹೋಗುತ್ತದೆ.

ಅಲ್ಲಿಂದ ದಾರ್ ಎಸ್ ಸಲಾಮ್. ಆಗ ವಾಲ್ಟರ್ ರಾಡ್ನಿ ಅಲ್ಲಿ ಪಾಠ ಹೇಳುತ್ತಿದ್ದ ಕಾಲ, ಜಗತ್ತಿನ ಯಾವ ಕ್ಯಾಂಪಸ್ಸಿಗೂ ಕಡಿಮೆ ಇಲ್ಲದಷ್ಟು ಚರ್ಚೆ ಇದ್ದ ಜಾಗ. 1979ರಲ್ಲಿ ಅಮೀನ್ ಉರುಳಿದ ಮೇಲೆ ಮತ್ತೆ ಕಂಪಾಲಾ. 1984ರಲ್ಲಿ ಡಕಾರ್‌ನಲ್ಲಿ ಒಂದು ಸಮ್ಮೇಳನದಲ್ಲಿದ್ದಾಗ ಮಿಲ್ಟನ್ ಒಬೋಟೆಯ ಸರ್ಕಾರ ಪೌರತ್ವವನ್ನೇ ಕಿತ್ತುಕೊಂಡಿತು. ಸರ್ಕಾರವನ್ನು ಟೀಕಿಸಿದ್ದು ಅಪರಾಧ. ಕಾನ್ಫರೆನ್ಸಿಗೆ ಹೋದವರಿಗೆ ವಾಪಸ್ ಬರಲು ದೇಶವೇ ಇಲ್ಲ! 1986ರಲ್ಲಿ ಒಬೋಟೆ ಹೋದ ಮೇಲೆ ಮೂರನೇ ಸಲ ಮರಳಿದರು. ಒಮ್ಮೆ ಚರ್ಮದ ಬಣ್ಣಕ್ಕೆ, ಒಮ್ಮೆ ಬಾಯಿಗೆ, ಹೀಗೆ ಎರಡು ಸಲ ದೇಶ ಕಳೆದುಕೊಂಡ ಮನುಷ್ಯನಿಗೆ ಪೌರತ್ವ ಎಂಬುದು ಪಠ್ಯಪುಸ್ತಕದ ಅಧ್ಯಾಯವಾಗಿ ಉಳಿಯುವುದಿಲ್ಲ.

ಈಗ ಅವರ ಮುಖ್ಯ ಪುಸ್ತಕಕ್ಕೆ ಬರೋಣ. 1996ರ 'ಸಿಟಿಜನ್ ಅಂಡ್ ಸಬ್ಜೆಕ್ಟ್'. ಆಫ್ರಿಕನ್ ಅಧ್ಯಯನದ ದೊಡ್ಡ ಬಹುಮಾನವಾದ ಹರ್ಸ್ಕೊವಿಟ್ಸ್ ಪ್ರಶಸ್ತಿ ಇದಕ್ಕೆ ಬಂತು. ಇದರ ಹೆಸರನ್ನು ಕನ್ನಡಕ್ಕೆ ಮಾಡಿ ನೋಡಿ, ಪುಸ್ತಕದ ಅರ್ಧ ವಾದ ಅಲ್ಲೇ ತೆರೆದುಕೊಳ್ಳುತ್ತದೆ. ಸಿಟಿಜನ್ ಅಂದರೆ ನಾಗರಿಕ. ಸಬ್ಜೆಕ್ಟ್ ಅಂದರೆ? ರಾಜನ ಅಧೀನದಲ್ಲಿ ಇರುವವನು, ಅಂದರೆ ಪ್ರಜೆ. ರಾಜ–ಪ್ರಜೆ ಅನ್ನುವಾಗ ನಮಗೆ ಈ ಅರ್ಥ ಸ್ಪಷ್ಟ. ಆದರೆ 'ನಾನು ಭಾರತದ ಪ್ರಜೆ' ಅನ್ನುವಾಗ? ಪ್ರಜಾಪ್ರಭುತ್ವ ಅನ್ನುವಾಗ? ಅಲ್ಲಿ ಪ್ರಜೆಯೇ ಸಿಟಿಜನ್. ನಮ್ಮ ಭಾಷೆ ಎರಡನ್ನೂ ಒಂದೇ ಪದದಲ್ಲಿ ಇಟ್ಟುಕೊಂಡು ಆರಾಮಾಗಿದೆ. ಇನ್ನು ನಾಗರಿಕ ಬಂದದ್ದು ನಗರದಿಂದ, ಪೌರತ್ವ ಬಂದದ್ದು ಪುರದಿಂದ. ಎರಡೂ ಊರಿನ, ಪಟ್ಟಣದ ಪದಗಳು. ಹಳ್ಳಿಯವನಿಗೆ ಆ ಪದಗಳಲ್ಲಿ ಜಾಗ ಇದೆಯೇ?

ಮಮ್ದಾನಿ ಹೇಳುವುದು ಸರಿಯಾಗಿ ಇದನ್ನೇ. ವಸಾಹತು ಆಡಳಿತ ಒಂದೇ ದೇಶದೊಳಗೆ ಎರಡು ಪ್ರಭುತ್ವ ಕಟ್ಟಿತು. ಪಟ್ಟಣದಲ್ಲಿ ಬಿಳಿಯರಿಗೆ ಸಿವಿಲ್ ಕಾನೂನು, ಹಕ್ಕು, ಕೋರ್ಟು. ಹಳ್ಳಿಯಲ್ಲಿ ಆಫ್ರಿಕದವರಿಗೆ 'ಸಂಪ್ರದಾಯದ ಕಾನೂನು', ಅದನ್ನು ಜಾರಿಮಾಡಲು ಸರ್ಕಾರವೇ ನೇಮಿಸಿದ ಒಬ್ಬ ಮುಖ್ಯಸ್ಥ. ಆ ಮುಖ್ಯಸ್ಥನೇ ತೆರಿಗೆ ವಸೂಲಿ ಮಾಡುವವನು, ಅವನೇ ನಿಯಮ ಮಾಡುವವನು, ಅವನೇ ನ್ಯಾಯಾಧೀಶ. ಇದು ನಿಮ್ಮ ಅಜ್ಜನ ಕಾಲದ ಪದ್ಧತಿ ಅಂತ ಹೇಳಿ ಹೊಸ ನಿರಂಕುಶತೆಯನ್ನು ಕೂರಿಸಿದರು. ಹಳ್ಳಿಯಲ್ಲಿ ಪ್ರತಿ ಬುಡಕಟ್ಟಿಗೂ ಬೇರೆ ಗಡಿ, ಬೇರೆ ಕಾನೂನು, ಬೇರೆ ಮುಖ್ಯಸ್ಥ. ಸ್ವಾತಂತ್ರ್ಯ ಬಂದ ಮೇಲೆ ಪಟ್ಟಣದ ಬಾಗಿಲು ಎಲ್ಲ ಬಣ್ಣದವರಿಗೂ ತೆರೆಯಿತು. ಹಳ್ಳಿಯ ಆ ಮುಖ್ಯಸ್ಥ ಮಾತ್ರ ಹೆಚ್ಚಿನ ಕಡೆ ಹಾಗೇ ಉಳಿದ. ಆಫ್ರಿಕದಲ್ಲಿ ಚುನಾವಣೆ ಯಾಕೆ ಬುಡಕಟ್ಟುಗಳ ಜಗಳವಾಗುತ್ತದೆ ಅಂದರೆ ಅದು ಅವರ ರಕ್ತದಲ್ಲಿದೆ ಎನ್ನುವ ಉತ್ತರ ಸುಲಭ. ಹಾಗೆ ವಿಂಗಡಿಸಿದ ಯಂತ್ರ ಇನ್ನೂ ಓಡುತ್ತಿದೆ ಎಂಬುದು ಮಮ್ದಾನಿಯ ಉತ್ತರ.

ಈ ಯಂತ್ರದ ನೀಲನಕ್ಷೆ ಎಲ್ಲಿ ತಯಾರಾಯಿತು ಗೊತ್ತೇ? ನಮ್ಮಲ್ಲಿ. 2012ರ 'ಡಿಫೈನ್ ಅಂಡ್ ರೂಲ್' ಪುಸ್ತಕದಲ್ಲಿ ಮಮ್ದಾನಿ ಕಥೆಯನ್ನು ಶುರುಮಾಡುವುದೇ 1857ರಿಂದ. ಆ ದಂಗೆಯಿಂದ ಬ್ರಿಟಿಷರು ಕಲಿತ ಪಾಠ ಏನೆಂದರೆ, ಇವರನ್ನು ನಮ್ಮ ಹಾಗೆ ಮಾಡಲು ಹೋಗುವುದು ಅಪಾಯ, ಇವರು ಇವರ ಹಾಗೇ ಇರಲಿ, ಆದರೆ 'ಇವರ ಹಾಗೆ' ಅಂದರೆ ಏನು ಅಂತ ನಾವು ಹೇಳೋಣ. 1860ರ ದಶಕದಲ್ಲಿ ವೈಸರಾಯ್ ಸಭೆಯಲ್ಲಿ ಕಾನೂನು ಸದಸ್ಯನಾಗಿದ್ದ ಹೆನ್ರಿ ಮೇನ್ ಇದಕ್ಕೆ ಸಿದ್ಧಾಂತ ಒದಗಿಸಿದ. ಜಾತಿ, ಧರ್ಮ, ಬುಡಕಟ್ಟುಗಳ ಕಾಲಂ ಹೊತ್ತ ಜನಗಣತಿ ಬಂತು. ಸಂಸ್ಥಾನಗಳನ್ನು ನುಂಗುವುದು ನಿಂತು, ರಾಜರನ್ನು ಇಟ್ಟುಕೊಂಡೇ ಆಳುವ ನೀತಿ ಬಂತು. ಐವತ್ತು ವರ್ಷ ಕಮಿಷನರುಗಳ ಕೈಯಲ್ಲಿದ್ದ ಮೈಸೂರನ್ನು 1881ರಲ್ಲಿ ಒಡೆಯರಿಗೆ ಹಿಂದಿರುಗಿಸಿದ್ದು ಈ ಹೊಸ ಗಾಳಿಯಲ್ಲೇ. ಕಲಿತ ಪಾಠವನ್ನು ಆಫ್ರಿಕಕ್ಕೆ ಒಯ್ದವರಲ್ಲಿ ದೊಡ್ಡ ಹೆಸರು ಲುಗಾರ್ಡ್. ಉಗಾಂಡದಲ್ಲಿ ಕಂಪನಿಯ ಪರವಾಗಿ ಕಾದಾಡಿ, ನೈಜೀರಿಯಾದಲ್ಲಿ 'ಪರೋಕ್ಷ ಆಳ್ವಿಕೆ'ಯನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವನು. ಅವನು ಹುಟ್ಟಿದ್ದು ಮದರಾಸಿನಲ್ಲಿ, 1858ರಲ್ಲಿ.

ಹಾಗಾಗಿ ಆಫ್ರಿಕದ ಚಿಂತನೆ ನಮಗೆ ಯಾಕೆ ಅಂತ ಕೇಳುವವರಿಗೆ ಮೊದಲ ಉತ್ತರ ಸರಳ. ನಮ್ಮ ಅಟ್ಟದ ಮೇಲೆ ಬಿದ್ದಿರುವ ಕಾಗದಪತ್ರದ ನಕಲು ಅವರ ಮನೆಯಲ್ಲಿದೆ, ಅವರು ಅದನ್ನು ನಮಗಿಂತ ಹುಷಾರಾಗಿ ಓದಿದ್ದಾರೆ.

ಎರಡನೇ ಉತ್ತರ ಸ್ವಲ್ಪ ಕಹಿ. ಪಟ್ಟಣ ಮತ್ತು ಹಳ್ಳಿ, ಬಿಳಿಯ ಮತ್ತು ಕಪ್ಪು, ಇವೆರಡರ ನಡುವೆ ಏಷ್ಯನ್ನರು ಎಲ್ಲಿದ್ದರು? ಮಮ್ದಾನಿ ಅವರನ್ನು 'ಅಧೀನ ಜನಾಂಗ' ಅನ್ನುತ್ತಾರೆ. ಬಿಳಿಯರಿಗಿಂತ ಕೆಳಗೆ, ಕಪ್ಪುಜನರಿಗಿಂತ ಮೇಲೆ. ಸಿವಿಲ್ ಕಾನೂನು ಇವರಿಗೂ ಅನ್ವಯ, ಆದರೆ ಪೂರ್ತಿ ಹಕ್ಕಿಲ್ಲ. ಆಳುವವರ ಕೃಪೆಯಿಂದ ಒಂದು ಮೆಟ್ಟಿಲು ಮೇಲೆ, ಆ ಮೆಟ್ಟಿಲಿಗಾಗಿಯೇ ಕೆಳಗಿನವರ ಸಿಟ್ಟಿಗೆ ಗುರಿ. 2001ರ 'ವೆನ್ ವಿಕ್ಟಿಮ್ಸ್ ಬಿಕಮ್ ಕಿಲ್ಲರ್ಸ್' ಪುಸ್ತಕದಲ್ಲಿ ರುವಾಂಡದ ತುತ್ಸಿಗಳನ್ನು ಅರ್ಥ ಮಾಡಿಕೊಳ್ಳಲು ಅವರು ಇದೇ ವಿಚಾರವನ್ನು ಬಳಸುತ್ತಾರೆ. ಬೆಲ್ಜಿಯನ್ನರು ಗುರುತಿನ ಚೀಟಿಯಲ್ಲಿ ಹುಟು, ತುತ್ಸಿ ಎಂದು ಬರೆದು, ತುತ್ಸಿಗಳನ್ನು ಹೊರಗಿನಿಂದ ಬಂದ ಮೇಲ್ಜನಾಂಗ ಎಂದು ಕರೆದದ್ದು 1994ರ ನರಮೇಧದ ತನಕ ಹೇಗೆ ಹರಿದುಬಂತು ಎಂಬುದನ್ನು ಆ ಪುಸ್ತಕ ಹಂತ ಹಂತವಾಗಿ ತೋರಿಸುತ್ತದೆ. ನಿದ್ದೆ ಕೆಡಿಸುವ ಓದು.

ಈಗ ನಮ್ಮನ್ನು ನೋಡಿಕೊಳ್ಳೋಣ. 'ಮಾಡೆಲ್ ಮೈನಾರಿಟಿ' ಎಂಬ ಬಿರುದು ಸಿಕ್ಕಾಗ ನಮ್ಮ ಸಮುದಾಯದಲ್ಲಿ ಅನೇಕರ ಕಾಲರ್ ಮೇಲೇಳುತ್ತದೆ. ಆ ಬಿರುದು ಯಾರನ್ನು ತಗ್ಗಿಸಲು ಬಳಕೆಯಾಗುತ್ತಿದೆ ಎಂಬ ಪ್ರಶ್ನೆ ಯುಗಾದಿ, ರಾಜ್ಯೋತ್ಸವದ ಭಾಷಣಗಳಲ್ಲಿ ಬರುವುದಿಲ್ಲ. ಎಚ್-1ಬಿಯ ಸುತ್ತ ಗಲಾಟೆ ಎದ್ದಾಗ ಮಾತ್ರ 'ಅಯ್ಯೋ ನಮ್ಮ ಮೇಲೂ ಬಂತಲ್ಲ' ಎಂಬ ಅಚ್ಚರಿ. ಮಧ್ಯದ ಮೆಟ್ಟಿಲಿನ ಗುಣವೇ ಅದು. ಊರಿನ ಕಡೆ ತಿರುಗಿದರೆ ಇನ್ನೂ ಕಷ್ಟ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟದ ಹತ್ತಿರ ಸುಡಾನಿನ ಒಬ್ಬ ವಿದ್ಯಾರ್ಥಿಯ ಕಾರು ಹರಿದು ಮಹಿಳೆಯೊಬ್ಬರು ತೀರಿಕೊಂಡರು. ಆಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಕಾರಿನಿಂದ ಎಳೆದು ಹೊಡೆದು ಅವಮಾನಿಸಿತು, ಕಾರಿಗೆ ಬೆಂಕಿ ಇಟ್ಟಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಗಾದೆ. ಇಲ್ಲಿ ಎತ್ತು ಎಮ್ಮೆಯ ವ್ಯತ್ಯಾಸವೂ ಗುಂಪಿಗೆ ಕಾಣಲಿಲ್ಲ. ಸುಡಾನ್ ಮತ್ತು ತಾಂಜಾನಿಯಾ ಬೇರೆ ಬೇರೆ ದೇಶ ಅನ್ನುವುದೂ ಬೇಕಾಗಲಿಲ್ಲ, ಕಪ್ಪಗಿದ್ದರೆ ಸಾಕಿತ್ತು. ಆಕೆ ನಮ್ಮ ಹಾಗೆಯೇ ಪರದೇಶಕ್ಕೆ ಓದಲು ಬಂದಿದ್ದ ಹುಡುಗಿ. ಇಲ್ಲಿ ನಮ್ಮ ಮೇಲೆ ಯಾರಾದರೂ ಉಗುಳಿದರೆ ಕನ್ನಡ ಚಾನೆಲ್ಲುಗಳಲ್ಲಿ ದಿನವಿಡೀ ಸುದ್ದಿ. ಅಲ್ಲಿ ಆಕೆಗಾದದ್ದರ ಬಗ್ಗೆ ಪರದೇಶದ ಕನ್ನಡ ಸಂಘಗಳು ಆಡಿದ ಮಾತನ್ನು ಬೆರಳಲ್ಲಿ ಎಣಿಸಬಹುದು. ಕರ್ನಾಟಕದಲ್ಲೇ, ಉತ್ತರ ಕನ್ನಡದ ಕಾಡಂಚಿನಲ್ಲಿ, ಆಫ್ರಿಕ ಮೂಲದ ಸಿದ್ದಿಗಳು ಕೊಂಕಣಿ ಕನ್ನಡ ಮಾತಾಡಿಕೊಂಡು ತಲೆಮಾರುಗಳಿಂದ ಬದುಕಿದ್ದಾರೆ. ಅವರನ್ನು ಪೇಟೆಯಲ್ಲಿ ಕಂಡವರು ಇವತ್ತಿಗೂ 'ಯಾವ ದೇಶ?' ಅಂತ ಕೇಳುತ್ತಾರೆ.

ಅವರ ವೃತ್ತಿಬದುಕಿನಲ್ಲಿ ವಿದ್ಯಾರ್ಥಿಗಳಾದ ನಮಗೆ ತುಂಬಾ ಹತ್ತಿರವಾದ ಭಾಗ ಕೇಪ್‌ಟೌನಿನದು. ವರ್ಣಭೇದ ನೀತಿ ಮುಗಿದ ಹೊಸತು. 1996ರಲ್ಲಿ ಮಮ್ದಾನಿ ಕೇಪ್‌ಟೌನ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕನ್ ಅಧ್ಯಯನದ ಎ.ಸಿ. ಜೋರ್ಡಾನ್ ಪೀಠಕ್ಕೆ ಬಂದರು. ಮೊದಲ ವರ್ಷದ ಮಕ್ಕಳಿಗೆ ಆಫ್ರಿಕವನ್ನು ಪರಿಚಯಿಸುವ ಕೋರ್ಸೊಂದನ್ನು ರೂಪಿಸಲು ಹೇಳಿದರು. ಅವರು ಸಿದ್ಧಪಡಿಸಿದ್ದನ್ನು ಬದಿಗಿಟ್ಟು ಸಹೋದ್ಯೋಗಿಗಳು ಬೇರೆಯದನ್ನು ತಂದರು. ಮಮ್ದಾನಿಯ ಆಕ್ಷೇಪ ಇಷ್ಟು: ಈ ಪಠ್ಯದ ಪ್ರಕಾರ ಆಫ್ರಿಕ ಅಂದರೆ ಸಹಾರಾದ ಕೆಳಗೆ, ದಕ್ಷಿಣ ಆಫ್ರಿಕದ ಮೇಲೆ ಇರುವ ಏನೋ ಒಂದು. ನೀವು ಮಾತ್ರ ಅದರ ಭಾಗ ಅಲ್ಲವೇ? ಆಫ್ರಿಕದ ವಿದ್ವಾಂಸರು ತಮ್ಮತಮ್ಮಲ್ಲಿ ನಡೆಸಿದ ವಾದಗಳು ಇದರಲ್ಲಿ ಎಲ್ಲಿ? 1998ರಲ್ಲಿ ಅವರು ಸಾರ್ವಜನಿಕ ಚರ್ಚೆಯಲ್ಲಿ ಎತ್ತಿದ ಪ್ರಶ್ನೆ ಬೆಂಕಿಯಂಥದು. ವರ್ಣಭೇದದ ಕಾಲದಲ್ಲಿ ಕಪ್ಪು ಮಕ್ಕಳಿಗೆಂದೇ ಮಾಡಿದ ಕೀಳುದರ್ಜೆಯ ಶಿಕ್ಷಣ 'ಬಂಟು ಎಜುಕೇಶನ್'. ಅದಕ್ಕೆ ಈ ವಿಶ್ವವಿದ್ಯಾಲಯದ ಆಫ್ರಿಕನ್ ಅಧ್ಯಯನ ಹೊಸ ಮನೆಯಾಗಲಿದೆಯೇ ಎಂದು ಕೇಳಿದರು. ಮರುವರ್ಷ ಅಲ್ಲಿಂದ ಹೊರಟು ಕೊಲಂಬಿಯಾ ಸೇರಿದರು. ಹದಿನಾರು ವರ್ಷಗಳ ನಂತರ, 2015ರ ಏಪ್ರಿಲ್‌ನಲ್ಲಿ, ಅದೇ ಕ್ಯಾಂಪಸ್ಸಿನ ಮೆಟ್ಟಿಲ ಮೇಲೆ ಕೂತಿದ್ದ ಸೆಸಿಲ್ ರೋಡ್ಸ್ ಪ್ರತಿಮೆಯನ್ನು ಕ್ರೇನು ಎತ್ತಿತು. ಎತ್ತಿಸಿದವರು ವಿದ್ಯಾರ್ಥಿಗಳು. ಪ್ರೊಫೆಸರ್ ಸೋತ ವಾದವನ್ನು ಮುಂದಿನ ತಲೆಮಾರಿನ ಮಕ್ಕಳು ಬೇರೆ ದಾರಿಯಲ್ಲಿ ಎತ್ತಿಕೊಂಡರು. 2017ರಲ್ಲಿ ಉಪನ್ಯಾಸ ಕೊಡಲು ಅವರು ಅಲ್ಲಿಗೆ ಮತ್ತೆ ಹೋದರು.

2010ರಲ್ಲಿ ಮೆಕೆರೆರೆಯ ಸಾಮಾಜಿಕ ಸಂಶೋಧನಾ ಸಂಸ್ಥೆಗೆ ನಿರ್ದೇಶಕರಾಗಿ ಹೋದಾಗ ಅವರು ಕಂಡದ್ದು ಸಂಶೋಧನೆಯ ಹೆಸರಿನ ಕನ್ಸಲ್ಟೆನ್ಸಿ. ಎನ್‌ಜಿಒ ಪ್ರಶ್ನೆ ಕಳಿಸುತ್ತದೆ, ಇವರು ಡೇಟಾ ಕೂಡಿಸಿ ಕೊಡುತ್ತಾರೆ. ಕನ್ಸಲ್ಟೆಂಟ್‌ಗೆ ಪ್ರಶ್ನೆ ಬೇರೆಯವರದು, ಉತ್ತರ ಮಾತ್ರ ತನ್ನದು. ಸಂಶೋಧಕ ಅನ್ನಿಸಿಕೊಳ್ಳಬೇಕಾದರೆ ಪ್ರಶ್ನೆಯೇ ತನ್ನದಾಗಿರಬೇಕು. ಇದು ಅವರ ಹಠ. ಅದಕ್ಕಾಗಿ ಪೂರ್ಣಾವಧಿ ಪಾಠವೂ ಓದೂ ಇರುವ ಪಿಎಚ್‌ಡಿ ಕಾರ್ಯಕ್ರಮವನ್ನು ಕಟ್ಟಿದರು, ಆಫ್ರಿಕದ ವಿದ್ವಾಂಸರು ಆಫ್ರಿಕದಲ್ಲೇ ತಯಾರಾಗಲಿ ಅಂತ.

ಈ ಹಠಕ್ಕೆ ಬೀಜ ಬಿದ್ದದ್ದು ಪಂಜಾಬಿನ ಹಳ್ಳಿಯೊಂದರಲ್ಲಿ ಎಂಬುದು ನಮಗೆ ಕುತೂಹಲದ ಸಂಗತಿ. ಅವರ ಮೊದಲ ಪುಸ್ತಕ 1972ರ 'ದಿ ಮಿತ್ ಆಫ್ ಪಾಪ್ಯುಲೇಶನ್ ಕಂಟ್ರೋಲ್'. ಹಾರ್ವರ್ಡಿನವರು 1950ರ ದಶಕದಲ್ಲಿ ಖನ್ನಾ ಪಟ್ಟಣದ ಸುತ್ತಲಿನ ಹಳ್ಳಿಗಳಲ್ಲಿ ಕುಟುಂಬ ಯೋಜನೆಯ ದೊಡ್ಡ ಪ್ರಯೋಗ ಮಾಡಿದ್ದರು. ಫಲ ಸಿಗಲಿಲ್ಲ. ಮಮ್ದಾನಿ ಅದರಲ್ಲಿನ ಮಾನುಪುರ ಎಂಬ ಹಳ್ಳಿಗೆ ಹೋಗಿ ಜನರನ್ನು ಮಾತಾಡಿಸಿದರು. ಜನ ಮಾತ್ರೆ ಬೇಡ ಅಂದಿರಲಿಲ್ಲ, ಪಾಪ ಅಷ್ಟು ದೂರದಿಂದ ಬಂದವರಿಗೆ ಬೇಜಾರು ಯಾಕೆ ಅಂತ ತೆಗೆದುಕೊಂಡಿದ್ದರು, ನುಂಗಿರಲಿಲ್ಲ. ಒಬ್ಬಾತ ಆ ಡಬ್ಬಿಗಳನ್ನು ಒಂದರ ಮೇಲೊಂದು ಜೋಡಿಸಿ ಅಲಂಕಾರದ ವಸ್ತು ಮಾಡಿಟ್ಟಿದ್ದ. ಹೊಲದಲ್ಲಿ ದುಡಿಯುವ ಕೈಗಳೇ ಆಸ್ತಿಯಾಗಿರುವ ಮನೆಗೆ ಮಕ್ಕಳು ಹೊರೆ ಅಲ್ಲ ಎಂಬುದು ಅವರ ಲೆಕ್ಕ. ಬಡವರಿಗೆ ಮಕ್ಕಳು ಜಾಸ್ತಿ, ಅದಕ್ಕೇ ಅವರು ಬಡವರು ಅನ್ನುವ ತಿಳಿವಳಿಕೆ ತಲೆಕೆಳಗು ಅಂತ ಮಮ್ದಾನಿ ಬರೆದರು. ಲಕ್ಷಗಟ್ಟಲೆ ಡಾಲರಿನ ಸಂಶೋಧನೆ ಕೇಳದೆ ಹೋದ ಪ್ರಶ್ನೆಯನ್ನು ಇನ್ನೂ ಪಿಎಚ್‌ಡಿ ಮುಗಿಸದ ಹುಡುಗ ಕೇಳಿದ್ದ.

ನಮ್ಮಲ್ಲಿ ಎಷ್ಟು ಜನರ ಪ್ರಬಂಧ ಹೀಗಿಲ್ಲ ಹೇಳಿ? ಡೇಟಾ ರಾಯಚೂರಿನದು, ಥಿಯರಿ ಬಾಸ್ಟನ್ನಿನದು. ಸಮಾಜ ವಿಜ್ಞಾನದವರು ಮಾತ್ರ ಅಲ್ಲ, ಅಂತರ್ಜಲ, ಕೃಷಿ, ಸಾರ್ವಜನಿಕ ಆರೋಗ್ಯ ಓದುವವರೂ ಇದೇ ಸಾಲಿನಲ್ಲಿದ್ದಾರೆ. ಗೈಡ್ ಒಪ್ಪುವ ಪ್ರಶ್ನೆ, ಫಂಡಿಂಗ್ ಬರುವ ಪ್ರಶ್ನೆ, ಜರ್ನಲ್ ಮೆಚ್ಚುವ ಪ್ರಶ್ನೆ. ಊರಿನ ಪ್ರಶ್ನೆ ಯಾವುದು? ಅದನ್ನು ಕೇಳಬೇಕಾದರೆ ಊರಿನ ಮಾತಿನಲ್ಲಿ ಯೋಚಿಸಲು ಬರಬೇಕು. ಇಲ್ಲೂ ಮಮ್ದಾನಿ ಒಂದು ಇರುಸುಮುರುಸಿನ ಉದಾಹರಣೆ ಕೊಡುತ್ತಾರೆ: ಆಫ್ರಿಕಾನ್ಸ್. ಅಡುಗೆಮನೆಯ ಭಾಷೆ ಅಂತ ಹೀಗಳೆಸಿಕೊಂಡಿದ್ದ ಆ ನುಡಿ 1925ರಲ್ಲಿ ಅಧಿಕೃತ ಭಾಷೆಯಾಗಿ, ಕೆಲವೇ ದಶಕಗಳಲ್ಲಿ ವಿಜ್ಞಾನ, ಕಾನೂನು, ತತ್ತ್ವಶಾಸ್ತ್ರದ ಭಾಷೆಯಾಯಿತು. ಅದರ ಹಿಂದೆ ಸರ್ಕಾರದ ದುಡ್ಡು, ವಿಶ್ವವಿದ್ಯಾಲಯ, ನಿಘಂಟು, ಪ್ರಕಾಶನ ಎಲ್ಲ ಇತ್ತು. ಹಾಗೆ ಮಾಡಿದ್ದು ವರ್ಣಭೇದದ ಸರ್ಕಾರ, ಅದೇ ಭಾಷೆಯನ್ನು ಹೇರಿದ್ದಕ್ಕೆ 1976ರಲ್ಲಿ ಸೊವೆಟೊದ ಮಕ್ಕಳು ಗುಂಡೇಟು ತಿಂದರು ಎಂಬುದು ಈ ಕಥೆಯ ಇನ್ನೊಂದು ಮುಖ. ಭಾಷೆ ತಾನಾಗಿ ಜ್ಞಾನದ ಭಾಷೆ ಆಗುವುದಿಲ್ಲ, ಆಗಲಾರದ ಭಾಷೆಯೂ ಯಾವುದೂ ಇಲ್ಲ ಎಂಬುದಷ್ಟನ್ನು ನಾವು ತೆಗೆದುಕೊಳ್ಳುತ್ತೇವೆ. ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಕಾಲೇಜಿನ ಪಾಠ, ವಿಜ್ಞಾನದ ಪುಸ್ತಕ ಕನ್ನಡದಲ್ಲಿ ಬರಬೇಕೆಂದು ಹೊರಟದ್ದು ಇದೇ ನಂಬಿಕೆಯಿಂದ. ನಮ್ಮ ಸಂಘಗಳು ಕುವೆಂಪು ಅವರ ನಾಡಗೀತೆಯನ್ನು ಎದ್ದುನಿಂತು ಹಾಡುತ್ತವೆ. ಆ ಕುಲಪತಿಯ ಕೆಲಸ ಎಲ್ಲಿಗೆ ನಿಂತಿತು ಅಂತ ಒಂದು ಗೋಷ್ಠಿ ಇಟ್ಟಿದ್ದನ್ನು ನಾವು ಇನ್ನೂ ನೋಡಿಲ್ಲ.

ಮಮ್ದಾನಿ ಹೇಳಿದ್ದೆಲ್ಲಕ್ಕೂ ನಾವು ತಲೆಯಾಡಿಸುತ್ತೇವೆ ಅಂತಲ್ಲ. 2008ರಲ್ಲಿ ಜಿಂಬಾಬ್ವೆಯ ಬಗ್ಗೆ ಬರೆದ ಲೇಖನದಲ್ಲಿ ಭೂಮಿ ಹಂಚಿಕೆಯ ನ್ಯಾಯವನ್ನು ವಿವರಿಸುವ ಭರದಲ್ಲಿ ಮುಗಾಬೆಯ ದಬ್ಬಾಳಿಕೆ ಹಗುರವಾಯಿತು. ಆಫ್ರಿಕದ ವಿದ್ವಾಂಸರೇ ಆಗ ಅವರನ್ನು ತರಾಟೆಗೆ ತೆಗೆದುಕೊಂಡರು, ನಮಗೆ ಅವರ ಮಾತು ಸರಿ ಕಾಣುತ್ತದೆ. ದಾರ್ಫುರ್ ಕುರಿತ 2009ರ ಪುಸ್ತಕದಲ್ಲೂ ಪಾಶ್ಚಾತ್ಯ ಹೋರಾಟಗಾರರ ಬಗೆಗಿನ ಸಿಟ್ಟು ಕೆಲವೆಡೆ ಸತ್ತವರ ಲೆಕ್ಕಕ್ಕಿಂತ ಜೋರಾಗಿ ಕೇಳುತ್ತದೆ. ಎಲ್ಲವನ್ನೂ ವಸಾಹತು ಕಚೇರಿಯ ಕಡತಕ್ಕೆ ಒಯ್ದು ನಿಲ್ಲಿಸುವ ಅವರ ವಿಧಾನವನ್ನು ಜಾತಿಗೆ ಅನ್ವಯಿಸಲು ಹೋದರೆ ನಮಗೆ ಸರಿಬರುವುದಿಲ್ಲ. ಜನಗಣತಿ ಜಾತಿಯನ್ನು ಗಟ್ಟಿಮಾಡಿರಬಹುದು, ಆದರೆ ಬಸವಣ್ಣನವರ ಕಾಲದ ಕಲ್ಯಾಣಕ್ಕೆ ಹೆನ್ರಿ ಮೇನ್ ಬಂದಿರಲಿಲ್ಲ. ನಮ್ಮ ರೋಗಕ್ಕೆಲ್ಲ ಬ್ರಿಟಿಷರ ಹೆಸರು ಹೇಳಿ ಕೈತೊಳೆದುಕೊಳ್ಳುವವರು ಈಗ ಬಹಳ ಮಂದಿ, ಅವರ ಕೈಗೆ ಮಮ್ದಾನಿಯವರ ಪುಸ್ತಕ ಸಿಕ್ಕಿ ಹಾಳಾಗಬಾರದು.

ಆದರೂ ಓದಿ. 'ಡಿಫೈನ್ ಅಂಡ್ ರೂಲ್' ನೂರು ಚಿಲ್ಲರೆ ಪುಟ, ವಾರಾಂತ್ಯದಲ್ಲಿ ಮುಗಿಯುತ್ತದೆ, ಅಲ್ಲಿಂದ ಶುರುಮಾಡಿ. 2020ರ 'ನೈದರ್ ಸೆಟ್ಲರ್ ನಾರ್ ನೇಟಿವ್' ದಪ್ಪ, ಆದರೆ ನಾವು ಕೂತಿರುವ ಈ ಅಮೆರಿಕದ ಅಧ್ಯಾಯ ಅದರಲ್ಲಿದೆ. ಮೂಲನಿವಾಸಿಗಳನ್ನು ಮೀಸಲು ಪ್ರದೇಶಗಳಲ್ಲಿ ಇಟ್ಟದ್ದೇ ಮುಂದೆ ಬೇರೆ ದೇಶಗಳಿಗೆ ಮಾದರಿಯಾಯಿತು ಎಂಬುದು ಅಲ್ಲಿನ ವಾದ. ಅಮೀನ್ ಮತ್ತು ಮುಸೆವೆನಿಯ ಬಗೆಗಿನ 'ಸ್ಲೋ ಪಾಯ್ಸನ್' ಕಳೆದ ವರ್ಷವಷ್ಟೇ ಬಂದಿದೆ.

ನಮ್ಮಲ್ಲಿ ನಾಲ್ಕು ಜನ ಸೇರಿ ಅವರ 1998ರ ಕೇಪ್‌ಟೌನ್ ಉಪನ್ಯಾಸವನ್ನು ಕನ್ನಡಕ್ಕೆ ತರಲು ಕೂತಿದ್ದೇವೆ. ಸೆಟ್ಲರ್ ಯಾವಾಗ ನೇಟಿವ್ ಆಗುತ್ತಾನೆ ಎಂಬುದು ಅದರ ಪ್ರಶ್ನೆ. ಶೀರ್ಷಿಕೆಯಲ್ಲೇ ಸಿಕ್ಕಿಕೊಂಡಿದ್ದೇವೆ. 'ವಲಸಿಗ' ಅಂದರೆ ಆಗುವುದಿಲ್ಲ, ಯಾಕೆಂದರೆ ವಲಸಿಗ ಇನ್ನೊಬ್ಬರ ಮನೆಗೆ ಬಂದು ಅಲ್ಲಿನ ಕಟ್ಟಳೆಗೆ ಸೇರಿಕೊಳ್ಳುವವನು. ಸೆಟ್ಲರ್ ಬಂದು ಮನೆಯನ್ನೇ ತನ್ನದು ಮಾಡಿಕೊಂಡು ಇದ್ದವರಿಗೆ ಕಟ್ಟಳೆ ಬರೆಯುವವನು. ಬರೀ ಪ್ರಯಾಣದಿಂದ ಸೆಟ್ಲರ್ ಆಗುವುದಿಲ್ಲ, ಗೆಲುವೂ ರಾಜ್ಯವೂ ಬೇಕು. 'ನೆಲೆಸಿಗ' ಅಂದರೆ ತೀರಾ ಸೌಮ್ಯ. 'ಆಕ್ರಮಣಕಾರ' ಅಂದರೆ ಅವನು ಬಂದು ಹೋಗುವವನಂತೆ ಕೇಳುತ್ತದೆ, ಇವನು ಹೋಗುವುದಿಲ್ಲ. ಒಬ್ಬರು 'ಒಕ್ಕಲೂರಿದವನು' ಎಂದರು, ಒಕ್ಕಲೆಬ್ಬಿಸುವುದರ ಎದುರು ಪದವಾಗಿ. ಮಂಡ್ಯದ ಗೆಳತಿಗೆ ಅದು ರೈತನ ಮೇಲೆ ಗೂಬೆ ಕೂರಿಸಿದ ಹಾಗೆ ಕಾಣುತ್ತದೆ. ನಿಮ್ಮ ಊರ ಕಡೆ ಇದಕ್ಕೊಂದು ಮಾತಿದ್ದರೆ ಸಂಘದ ವಿಳಾಸಕ್ಕೆ ಬರೆದು ಕಳಿಸಿ, ಅಜ್ಜಿಯನ್ನು ಕೇಳಿಯಾದರೂ ಸರಿ.